ಮೈಲುತುತ್ತ ಕುಡಿದ ಕಾರು

ನಮ್ಮನೆ ಜಗಲಿಯ ಮೂಲೆಯಲ್ಲಿ, ಚಪ್ಪಲಿ ಬಿಡುವ ಜಾಗಕ್ಕೆ ತಾಗಿ, ಕಾರಿನ ಹಳೇ ಇಂಜಿನ್ ಹೆಡ್ ಒಂದು ಬಿದ್ದಿದೆ. ಮೊನ್ನೆ ಗುಜರಿಯವನು ಬಂದವನು ಅದನ್ನು ಕಾಲಿನಿಂದ ಸ್ವಲ್ಪ ಅಲುಗಿಸಿ ನೋಡಿ, ಅಲ್ಯೂಮಿನಿಯಂ ಅಲ್ಲವಾ ಅಮ್ಮ, ಕೊಟ್ಟುಬಿಡಿ ಎಂದ. ಕೊಡುವುದಿಲ್ಲ ಎಂದೆ. ಇಟ್ಟುಕೊಂಡು ಏನು ಮಾಡುತ್ತೀರಿ, ಇಡ್ಲಿ ಬೇಯಿಸುತ್ತೀರಾ ಎಂದು ನಕ್ಕ. ಅವನ ತಪ್ಪಿಲ್ಲ. ಮಗುಚಿ ಹಾಕಿದರೆ ಅದರಲ್ಲಿ ಸಾಲಾಗಿ ಗುಳಿಗಳಿವೆ, ನೋಡಿದವರಿಗೆ ಇಡ್ಲಿ ತಟ್ಟೆಯೇ ನೆನಪಾಗಬೇಕು. ನನಗೂ ನಗು ಬರಬೇಕಿತ್ತು, ಬರಲಿಲ್ಲ. ಒಡೆದ ಪ್ಲಾಸ್ಟಿಕ್ ಕೊಡಪಾನವೊಂದನ್ನು ಕೊಟ್ಟು ಅವನನ್ನು ಸಾಗಹಾಕಿದೆ.

ಹೆಡ್ ಎಂದರೆ ಏನೆಂದು ನಿಮಗೆ ಗೊತ್ತಿಲ್ಲದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ನನಗೂ ಇತ್ತೀಚಿನವರೆಗೆ ಗೊತ್ತಿರಲಿಲ್ಲ. ಇಂಜಿನ್ನಿನ ಮೇಲೆ ಕೂರುವ ಭಾರದ ಮುಚ್ಚಳ ಅದು. ಒಳಗೆ ಪೆಟ್ರೋಲು ಉರಿಯುವಾಗ ಎಲ್ಲವನ್ನೂ ಅದುಮಿ ಹಿಡಿಯುವುದು ಅದರ ಕೆಲಸ. ಬಿಸಿ ಏರದಿರಲಿ ಎಂದು ಅದರ ಮೈಯೊಳಗೆ ನೀರು ಓಡಾಡಲು ಓಣಿಗಳನ್ನೂ ಮಾಡಿರುತ್ತಾರೆ. ಇದೆಲ್ಲ ತಿಳಿಯುವ ಮೊದಲು ನನ್ನ ಮಟ್ಟಿಗೆ ಕಾರಿನ ತಲೆಯೆಂದರೆ ಸ್ಟೇರಿಂಗ್ ಹಿಡಿದು ಕೂತ ನಮ್ಮನೆಯವರದೇ.

ನಮ್ಮನೆಯವರ ಹೆಸರು ವಾಸು. ಬಣಕಲ್ ಸುತ್ತಮುತ್ತ ಎಲ್ಲರಿಗೂ ವಾಸಣ್ಣ. ಬಾಡಿಗೆ ಕಾರು ಓಡಿಸುತ್ತಿದ್ದರು. ಹೊರನಾಡಿಗೆ ಹೋಗುವ ಭಕ್ತರು, ಕಳಸದ ಮದುವೆಗೆ ಹೋಗುವ ನೆಂಟರು, ಮೂಡಿಗೆರೆ ಆಸ್ಪತ್ರೆಗೆ ಹೋಗುವ ಬಸುರಿಯರು, ಎಲ್ಲರನ್ನೂ ಹತ್ತಿಸಿಕೊಂಡು ಹೋದವರು. ನಾನು ಬಣಕಲ್ ಬಸ್ ಸ್ಟ್ಯಾಂಡಿನ ಎದುರು ಸಣ್ಣದೊಂದು ಅಂಗಡಿಯಲ್ಲಿ ಬ್ಲೌಸು ಹೊಲಿಯುವವಳು. ಅವರಿಗೆ ದಾರಿ ಬಾಯಿಪಾಠ, ನನಗೆ ಊರಿನ ಹೆಂಗಸರ ಅಳತೆ ಬಾಯಿಪಾಠ. ಹಾಗೆ ನೋಡಿದರೆ ಊರನ್ನು ಹೆಚ್ಚು ಬಲ್ಲವಳು ನಾನೇ ಎಂದು ಅವರನ್ನು ಕೆಣಕುತ್ತಿದ್ದೆ.

ಈಗ ವಿಷಯ ಹೇಳಿಬಿಡುತ್ತೇನೆ, ಆಮೇಲೆ ನನ್ನ ಮಾತು ಎಲ್ಲಿಗೆ ಹೋದರೂ ನಿಮಗೆ ದಾರಿ ತಪ್ಪುವುದಿಲ್ಲ. ನಮ್ಮನೆಯವರಿಗೆ ಮರೆವಿನ ಕಾಯಿಲೆ. ಡಾಕ್ಟರು ಅದಕ್ಕೊಂದು ಹೆಸರು ಹೇಳಿದ್ದು ಆಮೇಲೆ. ಅದಕ್ಕೂ ಮೊದಲು ನನಗದು ಗೊತ್ತಾದದ್ದು ಹಮೀದಣ್ಣನ ಗ್ಯಾರೇಜಿನಲ್ಲಿ, ಈ ಹೆಡ್ಡನ್ನು ಕಳಚಿ ಮಗುಚಿದಾಗ.

ಅದನ್ನು ಹೇಳುವುದಕ್ಕೆ ನಾನು ಮೈಲುತುತ್ತದ ಹತ್ತಿರ ಹೋಗಲೇಬೇಕು. ನನ್ನಪ್ಪ ಜಾವಳಿ ಕಡೆಯ ಎಸ್ಟೇಟೊಂದರಲ್ಲಿ ಮೇಸ್ತ್ರಿಯಾಗಿದ್ದರು. ಮಳೆಗಾಲಕ್ಕೆ ಮುಂಚೆ ಕಾಫಿಗೆ ರೋಗ ಬಾರದಂತೆ ಬೋರ್ಡೋ ಔಷಧಿ ಹೊಡೆಸುವುದು ಅವರ ಉಸ್ತುವಾರಿ. ಮೈಲುತುತ್ತದ ಹರಳುಗಳು ಕಲ್ಲುಸಕ್ಕರೆಯ ಹಾಗೆ ಇರುತ್ತವೆ, ಬಣ್ಣ ಮಾತ್ರ ನವಿಲಿನ ಕತ್ತಿನದು. ಅದನ್ನು ಗೋಣಿ ತುಂಡಿನಲ್ಲಿ ಕಟ್ಟಿ ಮರದ ಪೀಪಾಯಿಯ ನೀರಿನಲ್ಲಿ ಇಳಿಬಿಡುತ್ತಿದ್ದರು. ಇನ್ನೊಂದು ಪೀಪಾಯಿಯಲ್ಲಿ ಸುಣ್ಣ. ಕರಗಿದ ಮೇಲೆ ಎರಡನ್ನೂ ಸೇರಿಸಿದರೆ ಆಕಾಶದ ಬಣ್ಣದ ಔಷಧಿ. ಮಕ್ಕಳು ಹತ್ತಿರ ಹೋಗಬಾರದು, ವಿಷ ಎಂದು ಅಪ್ಪ ಗದರುತ್ತಿದ್ದರು. ಹೋಗಬೇಡ ಅಂದ ಕಡೆಗೇ ಹೋಗುವ ಜಾತಿ ನಾನು. ಚಂದದ ಹರಳೊಂದನ್ನು ಕದ್ದು ಶಾಲೆಯ ಕಂಪಾಸು ಪೆಟ್ಟಿಗೆಯಲ್ಲಿ ಬಚ್ಚಿಟ್ಟುಕೊಂಡೆ. ಮಳೆಗಾಲದ ತಂಡಿಗೆ ಹರಳು ಬೆವತು, ಪೆಟ್ಟಿಗೆಯ ತಳ ತೂತಾಗಿ, ಒಳಗಿದ್ದ ಕೈವಾರದ ಕಾಲು ಕೆಂಪಾಗಿಬಿಟ್ಟಿತ್ತು. ಟೀಚರು ಇದೇನೆಂದು ಕೇಳಿದ್ದಕ್ಕೆ ಕುಂಕುಮ ಚೆಲ್ಲಿತು ಎಂದು ಹೇಳಿ ಪಾರಾದೆ.

ಅಪ್ಪನ ಒಂದು ಪರೀಕ್ಷೆ ನನಗೆ ಬಹಳ ಇಷ್ಟ. ಔಷಧಿ ಸರಿಯಾಗಿ ಬೆರೆತಿದೆಯೋ ಇಲ್ಲವೋ ಎಂದು ನೋಡಲು ಸೊಂಟದ ಕತ್ತಿಯನ್ನು ಕಲ್ಲಿಗೆ ಉಜ್ಜಿ ಹೊಳಪು ಮಾಡಿ ಪೀಪಾಯಿಗೆ ಅದ್ದುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ತೆಗೆದಾಗ ಕಬ್ಬಿಣ ಬೆಳ್ಳಗೇ ಇದ್ದರೆ ಔಷಧಿ ಸರಿ. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದ್ದರೆ ತುತ್ತ ಹೆಚ್ಚಾಗಿದೆ, ಸುಣ್ಣ ಸಾಲದು, ಎಲೆ ಸುಡುತ್ತದೆ. ಕತ್ತಿ ನಾಚಿಕೊಂಡಿದೆ ನೋಡು ಎನ್ನುತ್ತಿದ್ದರು ಅಪ್ಪ. ಆ ಕೆಂಪನ್ನು ನಾನು ಎಷ್ಟು ಸಲ ನೋಡಿದ್ದೇನೆಂದರೆ, ಜಗತ್ತಿನಲ್ಲಿ ಎಲ್ಲಿ ಕಂಡರೂ ಗುರುತು ಹಿಡಿಯಬಲ್ಲೆ. ಹಿಡಿಯದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ನಮ್ಮನೆಯ ಹಿಂದೆಯೂ ಒಂದು ತುಂಡು ಕಾಫಿ ತೋಟವಿದೆ. ಅದಕ್ಕೆ ಔಷಧಿ ಹೊಡೆಯಲು ಪ್ರತಿ ವರ್ಷ ಬರುವವನು ಚಂದ್ರು. ಬಣಕಲ್‌ನಿಂದ ನಮ್ಮನೆಗೆ ಬರುವ ಬಸ್ಸಿನ ದಾರಿಯಲ್ಲಿ, ಹೈವೇ ಬದಿಯಲ್ಲೇ ಅವನ ಮನೆ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಕರಗಿಸಿದ ಮೈಲುತುತ್ತವನ್ನು ಬಿಳಿ ಕ್ಯಾನೊಂದರಲ್ಲಿ ತುಂಬಿ ನಮ್ಮ ಕಾರಿನ ಶೆಡ್ಡಿನ ಕಿಟಕಿಯ ಕೆಳಗೆ ಇಡುತ್ತಿದ್ದ, ಹೊಡೆದು ಉಳಿದದ್ದು ವರ್ಷವಿಡೀ ಅಲ್ಲೇ ಇರುತ್ತಿತ್ತು. ಅದೇ ಶೆಡ್ಡಿನ ಬಾಗಿಲ ಬಳಿ ನಮ್ಮನೆಯವರ ಇನ್ನೊಂದು ಬಿಳಿ ಕ್ಯಾನು, ರೇಡಿಯೇಟರಿಗೆ ಹಾಕುವ ಕೂಲೆಂಟಿನದು. ಅದೂ ನೀಲಿಯೇ. ಎರಡೂ ಒಂದಕ್ಕೊಂದು ಹತ್ತಿರ ಬರಕೂಡದೆಂದು ನಮ್ಮನೆಯವರ ಕಟ್ಟಪ್ಪಣೆ. ಒಂದು ಸಲ ಚಂದ್ರು ತುತ್ತದ ಕ್ಯಾನನ್ನು ಅರೆಕ್ಷಣ ಬಾಗಿಲ ಬಳಿ ಇಟ್ಟದ್ದಕ್ಕೆ ರೇಗಾಡಿಬಿಟ್ಟಿದ್ದರು.

ಕಾರಿನ ವಿಷಯದಲ್ಲಿ ಅವರು ಹಾಗೇ. ಬಾನೆಟ್ಟನ್ನು ಇನ್ನೊಬ್ಬರು ಮುಟ್ಟುವ ಹಾಗಿರಲಿಲ್ಲ. ಬೆಳಿಗ್ಗೆ ಎದ್ದರೆ ನನ್ನ ಮುಖ ನೋಡುವ ಮೊದಲು ಇಂಜಿನ್ನಿನ ಮುಖ ನೋಡಬೇಕು. ಎಣ್ಣೆ ನೋಡಿ, ನೀರು ನೋಡಿ, ಸ್ವಲ್ಪ ಇಳಿದಿದ್ದರೂ ಕ್ಯಾನಿನಿಂದ ತುಂಬಿಸಿ, ಕೈ ಒರೆಸಿಕೊಂಡು ಒಳಗೆ ಬಂದ ಮೇಲೆಯೇ ಕಾಫಿ. ಮೊದಲ ಲೋಟ ಅವಳಿಗೆ, ಆ ಕಾರಿಗೆ, ಎರಡನೆಯದು ನಿಮಗೆ, ನನಗೆ ಚರಟ ಎಂದು ನಾನು ಗೊಣಗುವುದು. ಅಡುಗೆಮನೆಯ ಕಿಟಕಿಯಿಂದ ಶೆಡ್ಡು ಕಾಣುತ್ತದೆ. ದೋಸೆ ಹುಯ್ಯುತ್ತಾ ದಿನವೂ ನೋಡುತ್ತಿದ್ದೆ.

ಮರೆವಿನ ಸೂಚನೆಗಳು ಇರಲಿಲ್ಲವೆಂದಲ್ಲ. ಚಿಕ್ಕಮಗಳೂರಿನ ಶಾಲೆಯೊಂದರಲ್ಲಿ ಪಾಠ ಹೇಳುವ ಮಗಳು, ಅಪ್ಪ ಫೋನಿನಲ್ಲಿ ಕೇಳಿದ್ದನ್ನೇ ಕೇಳುತ್ತಾರಮ್ಮ ಎಂದು ಹೇಳಿದ್ದಳು. ನಿನ್ನ ಮಾತು ಅಷ್ಟು ಸ್ವಾರಸ್ಯ ಇರಬೇಕು ಬಿಡು ಎಂದೆ. ಇನ್ನೊಂದು ದಿನ ಹೊರನಾಡಿಗೆ ಹೋಗುವವರನ್ನು ಕೂರಿಸಿಕೊಂಡು ಹೊರಟವರು ಕೊಟ್ಟಿಗೆಹಾರದಲ್ಲಿ ಕಳಸದ ದಾರಿ ಬಿಟ್ಟು ಚಾರ್ಮಾಡಿ ಘಾಟಿಗೆ ಇಳಿದುಬಿಟ್ಟಿದ್ದರಂತೆ. ಕೇಳಿದರೆ, ಬಯಲುಸೀಮೆಯವರು ಪಾಪ, ಮಂಜು ತೋರಿಸಿ ವಾಪಸ್ ತಿರುಗಿಸಿದೆ ಎಂದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಂಗಡಿಗೆ ಬಂದ ಹೆಂಗಸರಿಗೆಲ್ಲ ಹೇಳಿ ಅವರನ್ನೂ ನಗಿಸಿದೆ. ನಗುವುದಕ್ಕೆ ಏನಾದರೂ ಸಿಕ್ಕಿದರೆ ಸುಮ್ಮನೆ ಬಿಡುವ ಅಭ್ಯಾಸ ನನಗಿಲ್ಲ.

ಕಾರು ಕೈಕೊಟ್ಟದ್ದು ಕಳಸದಿಂದ ವಾಪಸ್ ಬರುವಾಗ. ಬೇಸಿಗೆ ರಜೆಯ ಗಿರಾಕಿ ಜೋರಾಗಿದ್ದ ಸಮಯ. ಏರಿನಲ್ಲಿ ಇಂಜಿನ್ನು ಕಾದು, ಹಿಂದಿನಿಂದ ಬಿಳಿ ಹೊಗೆ ಬಿಟ್ಟು, ನಿಂತೇ ಹೋಯಿತು. ಒಳಗಿದ್ದವರನ್ನು ಬಸ್ಸಿಗೆ ಹತ್ತಿಸಿ, ಪರಿಚಯದವರ ಪಿಕಪ್ಪಿಗೆ ಹಗ್ಗ ಕಟ್ಟಿ ಬಣಕಲ್‌ವರೆಗೆ ಎಳೆಸಿಕೊಂಡು ಬಂದರು. ಮನೆಗೆ ಬಂದವರು ಊಟ ಮಾಡಲಿಲ್ಲ. ಮರುದಿನ ನಾನು ಅಂಗಡಿಯ ಬಾಗಿಲು ಹಾಕಿ ಅವರ ಜೊತೆ ಗ್ಯಾರೇಜಿಗೆ ಹೋದೆ. ಅವರ ಮುಖ ಹಾಗಿತ್ತು.

ಹಮೀದಣ್ಣನ ಗ್ಯಾರೇಜು ಊರು ದಾಟುವಲ್ಲಿ, ಹೈವೇ ಬದಿಗೆ. ಇವರು ಲಾರಿಯ ಕ್ಲೀನರ್ ಆಗಿದ್ದಾಗಿನಿಂದ ಅವನು ಸ್ನೇಹಿತ. ಇಬ್ಬರೂ ಸೇರಿದರೆ ಹೆಂಡತಿಯರ ನೆನಪೂ ಆಗುವುದಿಲ್ಲ. ಹಮೀದಣ್ಣ ಎಣ್ಣೆ ನೋಡುವ ಕಡ್ಡಿಯನ್ನು ಹೊರಗೆಳೆದು ನನಗೆ ತೋರಿಸಿ, ಇಂಜಿನ್ನು ಹಾಲು ಹಾಕಿ ಕಾಫಿ ಮಾಡಿದೆ ನೋಡಿ ಅಕ್ಕ ಎಂದ. ಎಣ್ಣೆಗೆ ನೀರು ಸೇರಿದರೆ ಆ ಬಣ್ಣವಂತೆ. ಆಮೇಲೆ ಒಂದೊಂದೇ ಬಿಚ್ಚುತ್ತಾ ಹೋದ. ಗಾಳಿ ಒಳಗೆ ಹೋಗುವ ಮ್ಯಾನಿಫೋಲ್ಡ್ ಪೈಪು ಬಂತು, ಮೇಲಿನ ಮುಚ್ಚಳ ಬಂತು, ಕೊನೆಗೆ ಹೆಡ್ಡು. ಅದನ್ನು ಎತ್ತಿ ಬೆಂಚಿನ ಮೇಲೆ ಮಗುಚಿ ಹಾಕಿದಾಗ ಇಬ್ಬರೂ ಬಗ್ಗಿ ನೋಡಿದರು.

ಬೋರರ್ ಹುಳು ಹೊಕ್ಕು ಕೊರೆದ ಕಾಫಿ ಕಾಂಡ ನೋಡಿದ್ದೀರಲ್ಲ, ಹಾಗಿತ್ತು. ನೀರಿನ ಓಣಿಗಳ ಗೋಡೆಯೆಲ್ಲ ತಿಂದು ಜರಡಿ. ಒಂದು ಕಡೆ ತಿಂದುಕೊಂಡು ಹೋಗಿ ಗುಳಿಯವರೆಗೆ ತೂತೇ ಬಿದ್ದಿತ್ತು. ಕೆಳಗೆ ಉಳಿದ ಇಂಜಿನ್ನಿನ ಮೈ ಕಬ್ಬಿಣದ್ದು. ಹಮೀದಣ್ಣ ಅದರ ಬಾಯಿಯ ಕೆಸರನ್ನು ಒರೆಸಿದ. ಒಳಗೆ, ಬೆಳಕು ಬಿದ್ದಲ್ಲಿ, ಕಬ್ಬಿಣ ಕೆಂಪಗಿತ್ತು. ತುಕ್ಕಿನ ಕೆಂಪಲ್ಲ. ಅಪ್ಪನ ಕತ್ತಿ ನಾಚಿಕೊಳ್ಳುತ್ತಿದ್ದ ಕೆಂಪು.

"ಇದು ಮೈಲುತುತ್ತ," ಎಂದೆ. ನನ್ನ ಬಾಯಿಗೆ ಯಾವತ್ತೂ ಬೀಗವಿಲ್ಲ.

ಹಮೀದಣ್ಣ ಬೆರಳು ಹಾಕಿ ಕೆರೆದು ನೋಡಿದ. ಒಂದು ಸಲ ಹಾಕಿದ್ದಕ್ಕೆ ಹೀಗಾಗುವುದಿಲ್ಲ, ಬಹಳ ದಿನ ಹಾಕುತ್ತಾ ಬಂದಿರಬೇಕು ಎಂದಷ್ಟೇ ಮೆಲ್ಲಗೆ ಹೇಳಿದ. ನಮ್ಮನೆಯವರು ತಡಮಾಡಲಿಲ್ಲ. ಚಂದ್ರು ಎಂದರು. ಶೆಡ್ಡಿನಲ್ಲಿ ತುತ್ತ ಕರಗಿಸುವವನು ಅವನೊಬ್ಬನೇ, ಅವತ್ತು ಬೈದದ್ದಕ್ಕೆ ಸೇಡು ಇಟ್ಟುಕೊಂಡು ಹಾಕಿದ್ದಾನೆ ಎಂದರು. ಅಲ್ಲಿಂದ ನೇರ ಹೋಟೆಲಿಗೆ ಹೋಗಿ, ಚಹಾ ಕುಡಿಯುತ್ತಿದ್ದವರ ಎದುರೆಲ್ಲ ಅದನ್ನೇ ಹೇಳಿದರು.

ಮನೆಗೆ ಬಂದು ನಾನು ಶೆಡ್ಡಿಗೆ ಹೋದೆ. ಎರಡು ಕ್ಯಾನುಗಳೂ ಅವುಗಳ ಜಾಗದಲ್ಲೇ ಇದ್ದವು, ಒಂದು ಬಾಗಿಲ ಬಳಿ, ಒಂದು ಕಿಟಕಿಯ ಕೆಳಗೆ. ಬಾಗಿಲ ಬಳಿಯ ಕೂಲೆಂಟು ಕತ್ತಿನವರೆಗೆ ತುಂಬಿತ್ತು. ಅದರ ಮುಚ್ಚಳದ ಮೇಲೆ ಧೂಳು ಕೂತು, ಜೇಡ ಬಲೆ ಕಟ್ಟಿತ್ತು. ಕಿಟಕಿಯ ಕೆಳಗಿನ ತುತ್ತ ಅರ್ಧಕ್ಕಿಂತ ಕೆಳಗಿಳಿದಿತ್ತು, ಅದರ ಹಿಡಿಯ ಮೇಲೆ ನಮ್ಮನೆಯವರು ಕೈ ಒರೆಸುವ ಚೌಕಳಿ ಬಟ್ಟೆ ನೇತಾಡುತ್ತಿತ್ತು. ಇನ್ನು ಯಾರನ್ನು ಕೇಳಲಿ? ದಿನಾ ಬೆಳಿಗ್ಗೆ ದೋಸೆ ಹುಯ್ಯುತ್ತಾ ನಾನೇ ನೋಡಿದ್ದೆನಲ್ಲ. ಅವರು ಕ್ಯಾನೆತ್ತಿ ಸುರಿಯುವುದು, ನೀಲಿ ನೀರು ಇಳಿಯುವುದು. ಅಷ್ಟು ದೂರಕ್ಕೆ ನೀಲಿ ಎಂದರೆ ನೀಲಿ, ಅಷ್ಟೇ.

ನೆಲದ ಮೇಲೆ ಕೂತುಬಿಟ್ಟೆ. ಕಾರಿನದಲ್ಲ ನನಗೆ ಚಿಂತೆ. ಎರಡು ಕ್ಯಾನು ಹತ್ತಿರ ಬಂದರೆ ರೇಗುತ್ತಿದ್ದ ಮನುಷ್ಯ, ಬಾಗಿಲು ದಾಟಿ ಕಿಟಕಿಯವರೆಗೆ ಹೋಗಿ, ತನ್ನ ಕೈಯಾರೆ, ತನ್ನ ಪ್ರಾಣದಂಥ ಕಾರಿಗೆ ವಿಷ ಹಾಕುತ್ತಾ ಬಂದಿದ್ದಾರೆ, ಅದೂ ಅಷ್ಟೇ ಶ್ರದ್ಧೆಯಿಂದ. ಈ ಕೈ ನಾಳೆ ಘಾಟಿಯ ತಿರುವಿನಲ್ಲಿ ಇನ್ನೇನು ಮರೆಯಬಹುದು, ಹಿಂದಿನ ಸೀಟಿನಲ್ಲಿ ಯಾರ ಮಕ್ಕಳು ಕೂತಿರಬಹುದು ಎಂದು ಯೋಚಿಸಿದರೆ ಭಯವಾಯಿತು. ಅವರ ಕೈಯಿಂದ ಕೀ ತೆಗೆದುಕೊಳ್ಳಬೇಕು. ಅದನ್ನು ಹೇಳಬೇಕಾದವಳು ನಾನು.

ಹೇಳುವುದು ಹೇಗೆ? ನಮ್ಮ ಕಸುಬಿನಲ್ಲಿ ಇಂಥದಕ್ಕೆ ಒಂದು ಉಪಾಯವಿದೆ. ಹೋದ ವರ್ಷದ ಬ್ಲೌಸು ಈ ವರ್ಷ ಹತ್ತುವುದಿಲ್ಲ ಎಂದು ಯಾರಾದರೂ ಬಂದರೆ, ನೀವು ದಪ್ಪಗಾಗಿದ್ದೀರಿ ಎಂದು ಹೇಳುವ ಟೈಲರು ಉದ್ಧಾರವಾಗುವುದಿಲ್ಲ. ಬಟ್ಟೆ ಕುಗ್ಗಿದೆ ಎನ್ನಬೇಕು. ಎಷ್ಟೋ ಹೆಂಗಸರನ್ನು ನಾನು ಹಾಗೆ ಸಮಾಧಾನ ಮಾಡಿ ಕಳಿಸಿದ್ದೇನೆ. ಇವರಿಗೂ ಒಂದು ಬಟ್ಟೆ ಕುಗ್ಗಿದ ಕಥೆ ಹೇಳೋಣವೆಂದರೆ, ಚಂದ್ರುವಿನ ಹೆಸರು ಆಗಲೇ ಬೀದಿಗೆ ಬಿದ್ದಿತ್ತು.

ಅವನೇ ಬಂದ. ಇವರು ಗ್ಯಾರೇಜಿಗೆ ಹೋಗಿದ್ದ ಹೊತ್ತು ನೋಡಿಕೊಂಡು ಬಂದಿದ್ದನೆಂದು ಕಾಣುತ್ತದೆ. ಜಗಲಿ ಹತ್ತಲಿಲ್ಲ, ಅಂಗಳದಲ್ಲೇ ನಿಂತ. ಪಕ್ಕದ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಅವನನ್ನು ಸ್ಪ್ರೇ ಕೆಲಸಕ್ಕೆ ಬರಬೇಡ ಎಂದಿದ್ದರಂತೆ. ಔಷಧಿಯನ್ನು ಗಾಡಿಗೆ ಹಾಕುವವನು ನಾಳೆ ಬಾವಿಗೂ ಹಾಕಿಯಾನು ಎಂದು ಯಾರೋ ಅಂದರಂತೆ. ಇದನ್ನೆಲ್ಲ ಅವನು ದನಿಯೆತ್ತದೆ ಹೇಳಿದ.

"ಅಕ್ಕ, ನಾನು ಆ ಗಾಡಿ ಬಾನೆಟ್ ಎತ್ತಿದ್ದು ಯಾವತ್ತಾದ್ರೂ ನೋಡಿದೀರಾ ನೀವು? ಅಷ್ಟು ಹೇಳಿ ಸಾಕು."

ಇಲ್ಲ ಎಂದೆ. ಹಾಗಾದರೆ ಅದನ್ನು ವಾಸಣ್ಣನವರಿಗೆ ಹೇಳಿ ಎಂದ. ಹೇಳುತ್ತೇನೆ ಎಂದೆ. ಕಾಫಿ ಕುಡಿದು ಹೋಗು ಎಂದರೆ ಬೇಡ ಎಂದು ತಿರುಗಿ ಹೋದ. ನಮ್ಮನೆಗೆ ಬಂದು ಅವನು ಕಾಫಿ ಬೇಡವೆಂದದ್ದು ಅದೇ ಮೊದಲು. ಹೇಳುತ್ತೇನೆ ಎಂದ ನಾನು ಅವತ್ತು ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ಇವರು ಊಟಕ್ಕೆ ಕೂತಾಗ ಬಾಯಿವರೆಗೆ ಬಂದದ್ದು ಸಾರಿಗೆ ಉಪ್ಪು ಸರಿಯಿದೆಯಾ ಎಂದಾಗಿ ಹೊರಬೀಳುತ್ತಿತ್ತು. ಕೊನೆಗೆ ಹಮೀದಣ್ಣನಿಗೆ ಕ್ಯಾನಿನ ವಿಷಯ ಹೇಳಿ ಅತ್ತೆ. ಅವನು ತಲೆ ತಗ್ಗಿಸಿಕೊಂಡು ಕೇಳಿದ. ಅವತ್ತು ಹೆಡ್ ಎತ್ತಿದಾಗಲೇ ತನಗೆ ಗೊತ್ತಾಗಿತ್ತು, ಆ ಬಾನೆಟ್ ಎತ್ತುವ ಇನ್ನೊಬ್ಬ ಮನುಷ್ಯ ಎಲ್ಲಿದ್ದಾನೆ ಎಂದ.

ಹಳೇ ಹೆಡ್ಡನ್ನು ಲೇತಿಗೆ ಕೊಟ್ಟು ಸರಿಮಾಡಿಸುವ ಹಾಗಿರಲಿಲ್ಲ. ಮಂಗಳೂರಿನ ಗುಜರಿಯಿಂದ ಅದೇ ಜಾತಿಯ ಇನ್ನೊಂದು ಹೆಡ್ಡು ತರಿಸಿದ್ದಾಯಿತು. ಅದನ್ನು ಕೂರಿಸುವ ದಿನ ನಾವಿಬ್ಬರೂ ಹೋದೆವು. ಇವರನ್ನು ಒಬ್ಬರನ್ನೇ ಕಳಿಸಲು ಆಗಲೇ ನನಗೆ ಧೈರ್ಯ ಕಡಿಮೆಯಾಗಿತ್ತು. ಇಂಜಿನ್ನಿನ ಮೈಯನ್ನು ಕೆರೆದು, ತೊಳೆದು, ಒಣಗಿಸಿ, ಸಂದಿನಲ್ಲಿ ಸೋರದಂತೆ ಹೊಸ ಗ್ಯಾಸ್ಕೆಟ್ ಹಾಳೆ ಹಾಸಿ, ಅದರ ಮೇಲೆ ಹೆಡ್ಡನ್ನು ದೇವರ ಪಲ್ಲಕ್ಕಿ ಇಳಿಸುವಷ್ಟು ಮೆಲ್ಲಗೆ ಇಳಿಸಿದರು. ಬೋಲ್ಟುಗಳನ್ನು ಹೇಗೆಂದರೆ ಹಾಗೆ ಬಿಗಿಯುವಂತಿಲ್ಲವಂತೆ. ನಡುವಿನಿಂದ ಶುರುಮಾಡಿ, ಒಮ್ಮೆ ಈ ಕಡೆ, ಒಮ್ಮೆ ಆ ಕಡೆ, ಅಂಚಿಗೆ ಹೋಗಬೇಕು. ಇಲ್ಲವಾದರೆ ಎಲ್ಲೋ ಒಂದು ಕಡೆ ಸುಕ್ಕು ಉಳಿಯುತ್ತದೆ. ಇದು ನನಗೆ ತಕ್ಷಣ ಅರ್ಥವಾಯಿತು, ಲೈನಿಂಗ್ ಬಟ್ಟೆ ಕೂರಿಸುವಾಗ ನಾವು ಮಾಡುವುದೂ ಅದನ್ನೇ.

ಇಬ್ಬರಿಗೂ ಒಂದು ಹಳೇ ಪದ್ಧತಿ ಇತ್ತು. ಇವರು ಸ್ಟೂಲಿನ ಮೇಲೆ ಕೂತು ಯಾವ ಬೋಲ್ಟೆಂದು ಕೂಗಬೇಕು, ಹಮೀದಣ್ಣ ಬಿಗಿಯಬೇಕು. ಅವತ್ತೂ ಹಾಗೇ ಶುರುವಾಯಿತು. ನಡು ಎಡ ಎಂದರು, ಬಿಗಿದ. ನಡು ಬಲ ಎಂದರು, ಬಿಗಿದ. ಆಮೇಲೆ ಮತ್ತೆ ನಡು ಎಡ ಎಂದರು. ಹಮೀದಣ್ಣನ ಸ್ಪ್ಯಾನರು ಒಂದು ಕ್ಷಣ ನಿಂತು, ಸದ್ದಿಲ್ಲದೆ ಮುಂದಿನ ಬೋಲ್ಟಿಗೆ ಹೋಯಿತು. ಹ್ಞೂಂ ಎಂದ. ಇವರು ಮತ್ತೆ ನಡು ಎಡ ಎಂದರು. ಅವನು ಮತ್ತೊಂದನ್ನು ಬಿಗಿದು ಹ್ಞೂಂ ಎಂದ. ಕೊನೆಯವರೆಗೂ ಇವರು ಹೇಳಿದ್ದು ಒಂದು, ಅವನು ಬಿಗಿದದ್ದು ಒಂದು. ಕೇಳಿದವರಿಗೆ ಇಬ್ಬರೂ ಒಟ್ಟಿಗೆ ಕೆಲಸ ಮಾಡುತ್ತಿದ್ದಾರೆಂದೇ ಅನ್ನಿಸಬೇಕು. ನಾನು ಹೈವೇ ಕಡೆ ಮುಖ ತಿರುಗಿಸಿಕೊಂಡು ನಿಂತೆ.

ಇನ್ನು ಗಾಳಿಯ ಪೈಪು ಉಳಿಯಿತು. ಆ ಮ್ಯಾನಿಫೋಲ್ಡು ಹೆಡ್ಡಿಗೆ ಸೇರುವಲ್ಲಿ ಎಳೆಯಷ್ಟು ಸಂದು ಇದ್ದರೂ ಇಂಜಿನ್ನು ಕಳ್ಳಗಾಳಿ ಎಳೆದುಕೊಂಡು ನಡುಗುತ್ತದಂತೆ. ಅದಕ್ಕೆ ಬೇಕಾದ ಗ್ಯಾಸ್ಕೆಟ್ ಇಷ್ಟು ಹಳೇ ಕಾರಿಗೆ ಎಲ್ಲೂ ಸಿಗಲಿಲ್ಲ. ಹಮೀದಣ್ಣ ದಪ್ಪ ಗ್ಯಾಸ್ಕೆಟ್ ಹಾಳೆಯೊಂದನ್ನು ತಂದು, ಪೈಪಿನ ಬಾಯಿಗೆ ಗ್ರೀಸು ಬಳಿದು, ಹಾಳೆಯ ಮೇಲೆ ಒತ್ತಿ ಅಚ್ಚು ತೆಗೆದ. ಕತ್ತರಿಸುವುದು ನನ್ನ ಕೆಲಸ ಎಂದು ನಾನೇ ಮುಂದೆ ಬಿದ್ದೆ. ನನಗೂ ಸುಮ್ಮನೆ ನಿಂತು ಸಾಕಾಗಿತ್ತು, ಕತ್ತರಿ ಹೇಗೂ ಚೀಲದಲ್ಲಿತ್ತು. ಬಹಳ ನಾಜೂಕಾಗಿ, ಮೂಲೆಗಳನ್ನು ಕಂಕುಳಿನ ತಿರುವು ಕತ್ತರಿಸುವಂತೆ ಕತ್ತರಿಸಿ, ಹೆಮ್ಮೆಯಿಂದ ಕೊಟ್ಟೆ. ಹಮೀದಣ್ಣ ಅದನ್ನು ಪೈಪಿನ ಬಾಯಿಗೆ ಹಿಡಿದು ನೋಡಿದ. ಸುತ್ತಲೂ ಅರ್ಧ ಇಂಚು ಹೊರಗೆ, ತೂತುಗಳೆಲ್ಲ ಅಷ್ಟೇ ಚಿಕ್ಕವು. ಕೈ ತನ್ನಷ್ಟಕ್ಕೆ ಹೊಲಿಗೆಗೆ ಅಂಚು ಬಿಟ್ಟಿತ್ತು.

"ಅಕ್ಕ, ಇದನ್ನ ಹೊಲಿಯೋದಿಲ್ಲ ಮಾರಾಯ್ರೆ," ಎಂದ ಹಮೀದಣ್ಣ.

ನಮ್ಮನೆಯವರು ನಕ್ಕರು. ಸ್ಟೂಲಿನ ಮೇಲೆ ಹಿಂದಕ್ಕೆ ವಾಲಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎಷ್ಟೋ ದಿನದ ಮೇಲೆ ಅವರು ನಕ್ಕದ್ದು, ಅದೂ ನನ್ನನ್ನು ನೋಡಿ. ನನಗೆ ಎಷ್ಟು ಸಂತೋಷವಾಯಿತೆಂದರೆ ಇನ್ನೊಂದನ್ನೂ ಕೆಡಿಸಿಬಿಡೋಣವೇ ಎನ್ನಿಸಿತು. ಕೆಡಿಸಲಿಲ್ಲ. ಅಂಚು ಸವರಿ ಸರಿಮಾಡಿ ಕೊಟ್ಟೆ.

ಆ ನಗು ಆರುವ ಮೊದಲು ಹಮೀದಣ್ಣ ಸುಳ್ಳು ಹೇಳಿದ. ಕೈಯಲ್ಲಿದ್ದ ಗ್ಯಾಸ್ಕೆಟ್ಟಿಗೆ ಪೇಸ್ಟು ಹಚ್ಚುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದ. "ವಾಸಣ್ಣ, ಆ ತುತ್ತ ನಮ್ಮಲ್ಲೇ ಬಿದ್ದದ್ದು. ಎಸ್ಟೇಟಿನವರು ಬಿಟ್ಟುಹೋದ ಕ್ಯಾನು ಇತ್ತು, ನಾನು ಕೂಲೆಂಟ್ ಅಂತ ನಿನ್ನ ಗಾಡಿಗೆ ಹಾಕಿದೀನಿ. ಚಂದ್ರುದೇನೂ ಇಲ್ಲ ಇದ್ರಲ್ಲಿ."

ನನಗೆ ಎದೆ ಹಗುರವಾಯಿತು, ಮರುಕ್ಷಣವೇ ಭಾರವೂ ಆಯಿತು. ಈ ಮಾತು ಹೋಟೆಲು ಮುಟ್ಟಿದರೆ ನಾಳೆಯಿಂದ ಹಮೀದಣ್ಣನ ಕೈಗೆ ಯಾರು ಗಾಡಿ ಕೊಡುತ್ತಾರೆ? ಅಷ್ಟು ಗೊತ್ತಿದ್ದೂ ಹೇಳಿದ್ದಾನೆ. ನಾನು ಬೇಡವೆನ್ನಬೇಕಿತ್ತು. ಕತ್ತರಿಯನ್ನು ಚೀಲದೊಳಗೆ ಇಟ್ಟು, ಚೀಲದ ಬಾಯಿ ಕಟ್ಟಿ, ಮತ್ತೆ ಬಿಚ್ಚಿ, ಮತ್ತೆ ಕಟ್ಟಿದೆ. ನಮ್ಮನೆಯವರು ಅವನನ್ನೇ ನೋಡುತ್ತಾ ಕೂತಿದ್ದರು. ಆಗಲಿ ಮಾರಾಯ, ಯಾರಿಗಾದರೂ ಆಗುತ್ತದೆ ಎಂದರು.

ಸಂಜೆ ಹೊತ್ತಿಗೆ ಎಲ್ಲ ಕೂಡಿಸಿ, ಒಳ್ಳೆಯ ಕೂಲೆಂಟು ತುಂಬಿ, ಸ್ಟಾರ್ಟ್ ಮಾಡಿದ. ಒಂದೆರಡು ಸಲ ಕೆಮ್ಮಿ, ಹಿಡಿದುಕೊಂಡಿತು. ನಡುಕವಿಲ್ಲ, ಸಿಳ್ಳಿಲ್ಲ. ನಾನು ಕತ್ತರಿಸಿದ ಗ್ಯಾಸ್ಕೆಟ್ ಗಾಳಿ ಬಿಡಲಿಲ್ಲ ಎಂದು ನಿಮಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಇವರು ಬಾನೆಟ್ಟಿನ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಕೇಳಿದರು. ಹಮೀದಣ್ಣ ಇಂಜಿನ್ನು ಆರಿಸಿ, ಕೀ ತೆಗೆದು, ಯಾವಾಗಿನಂತೆ ಅವರ ಮುಂದೆ ಹಿಡಿದ.

ಅವರ ಕೈ ಅರ್ಧ ಬಂದು ನಿಂತಿತು. ಹಿಂದಕ್ಕೆ ತೆಗೆದುಕೊಂಡು ಪ್ಯಾಂಟಿಗೆ ಒರೆಸಿಕೊಂಡರು.

"ಇವಳ ಕೈಗೆ ಕೊಡು," ಎಂದರು. "ಇಲ್ಲದ್ದು ಹೇಳ್ಬೇಡ ಹಮೀದ. ಆ ಬಾನೆಟ್ ಇನ್ಯಾರು ಮುಟ್ತಾರೆ, ನಾನೇ ಹಾಕಿರ್ಬೇಕು. ಹಾಕಿದ್ದು ನೆನಪಿಲ್ಲ ನಂಗೆ. ನೆನಪಿಲ್ಲ ಅಂತಲೇ ಹೇಳ್ತಿರೋದು, ಕೀ ಬೇಡ."

ನಾನು ಇಷ್ಟು ದಿನ ಹೇಳಲಾರದೆ ನುಂಗಿಕೊಂಡದ್ದನ್ನು ಅವರೇ ಹೇಳಿ ನನ್ನನ್ನು ಉಳಿಸಿದ್ದರು. ಆಮೇಲೆ ನನ್ನ ಕಡೆ ತಿರುಗಿ, ಚಂದ್ರುವಿನ ಮನೆಗೆ ಇವತ್ತೇ ಹೋಗಬೇಕು, ನಾನೇ ಅವನ ಹತ್ತಿರ ಮಾತಾಡುತ್ತೇನೆ, ಮರೆತರೆ ನೆನಪು ಮಾಡು ಎಂದರು. ಆಯಿತು ಎಂದೆ. ಹಮೀದಣ್ಣ ಕೀಯನ್ನು ನನ್ನ ಅಂಗೈಯಲ್ಲಿಟ್ಟ. ನನಗೆ ಸೈಕಲ್ಲು ಹೊಡೆಯಲೂ ಬರುವುದಿಲ್ಲ. ಕೀಯನ್ನು ಅವನಿಗೇ ವಾಪಸ್ ಕೊಟ್ಟು, ಕಾರು ಇಲ್ಲೇ ಇರಲಿ ಎಂದು ಹೇಳಿ, ನಾವು ಬಸ್ಸಿಗೆ ನಿಂತೆವು. ಆ ಕಾರನ್ನು ಈಗಲೂ ಅವನೇ ನೋಡಿಕೊಳ್ಳುತ್ತಾನೆ.

ಬಸ್ಸಿನಲ್ಲಿ ಅವರನ್ನು ಕಿಟಕಿಯ ಪಕ್ಕ ಕೂರಿಸಿದೆ. ಮದುವೆಯಾದ ಮೇಲೆ ನಾವಿಬ್ಬರೂ ಒಟ್ಟಿಗೆ ಬಸ್ಸು ಹತ್ತಿದ್ದು ನೆನಪಿಗೆ ಬರುವುದಿಲ್ಲ. ಅವರು ಮುಂದಿನ ಗಾಜಿನಾಚೆ ರಸ್ತೆಯನ್ನೇ ನೋಡುತ್ತಿದ್ದರು. ತಿರುವು ಬಂದಾಗಲೆಲ್ಲ ಡ್ರೈವರಿಗಿಂತ ಸ್ವಲ್ಪ ಮೊದಲೇ ಅವರ ಬಲಗಾಲು ಬಸ್ಸಿನ ತಗಡನ್ನು ಒತ್ತುತ್ತಿತ್ತು. ಒಂದು ತಿರುವನ್ನೂ ಬಿಡಲಿಲ್ಲ. ಕಾಲಿಗೆ ಎಲ್ಲ ನೆನಪಿದೆಯಲ್ಲ, ಹಾಗಾದರೆ ಇನ್ನೂ ಏನೂ ಆಗಿಲ್ಲವೇನೋ ಎಂದು ನನ್ನ ಹುಚ್ಚು ಮನಸ್ಸಿಗೆ ಆಸೆಯಾಯಿತು. ಚಂದ್ರುವಿನ ಮನೆಯ ಹತ್ತಿರ ಕಂಡಕ್ಟರನಿಗೆ ಹೇಳಿ ಬಸ್ಸು ನಿಲ್ಲಿಸಿದೆ. ಅವರು ಏಳಲಿಲ್ಲ. ಭುಜ ಮುಟ್ಟಿ ಎಬ್ಬಿಸಿ ಇಳಿಸಿಕೊಂಡೆ. ಬಸ್ಸು ಹೋದ ಮೇಲೆ ಸುತ್ತ ನೋಡಿ, ಇಲ್ಲಿ ಯಾಕೆ ಇಳಿದದ್ದು, ಚಂದ್ರುವಿಗೆ ಹುಷಾರಿಲ್ಲವಾ ಎಂದು ಕೇಳಿದರು.

ರಸ್ತೆಯಿಂದ ಅವನ ಅಂಗಳಕ್ಕೆ ಇಳಿಯುವ ದಾರಿಯುದ್ದಕ್ಕೂ ನಾನು ಮೊದಲಿಂದ ಎಲ್ಲ ಹೇಳಿದೆ. ಇಂಜಿನ್ನಿಗೆ ತುತ್ತ ಬಿದ್ದದ್ದು, ಹೋಟೆಲಿನಲ್ಲಿ ಅವನ ಹೆಸರು ಹೇಳಿದ್ದು, ಅವನ ಕೆಲಸ ಹೋದದ್ದು, ನಮ್ಮ ಅಂಗಳದಲ್ಲಿ ನಿಂತು ಅವನು ಕೇಳಿದ್ದು. ಅವರು ಬೇರೆಯವರ ಮನೆಯ ಸುದ್ದಿ ಕೇಳುವಂತೆ, ಛೆ ಛೆ ಎನ್ನುತ್ತಾ ಕೇಳಿದರು. ಅವರಿಗೆ ನಿಜವಾಗಿ ಸಂಕಟವಾಗಿತ್ತು. ಚಂದ್ರು ನಮ್ಮನ್ನು ಕಂಡು ಒಳಗಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದ. ಇವರು ದಾರಿಯಲ್ಲೇ ನಿಂತುಬಿಟ್ಟರು.

"ಪಾಪ, ಅಂಥ ಹುಡುಗನ ಮೇಲೆ ಆ ಮಾತು ಹೇಳಿದ್ದು ಯಾರೇ?"

"ನಾನೇ," ಎಂದೆ.

ಅವರು ನನ್ನನ್ನು ನೋಡಿದರು. ಹಿಂದೆ, ತುತ್ತದ ಕ್ಯಾನು ಬಾಗಿಲ ಬಳಿ ಬಂದಾಗ ಬರುತ್ತಿದ್ದ ಅದೇ ಸಿಟ್ಟು ಅವರ ಮುಖಕ್ಕೆ ಬಂತು.

"ಹಾಗಾದ್ರೆ ನೀನೇ ಮುಂದೆ ನಡಿ," ಎಂದರು.